ಎಡಚನ ಪೈಪ್

"ಇದು ನಮ್ಮಪ್ಪನ ಪೈಪ್ ಅಲ್ಲ."

ಜೋಲೀನ್ ಹಾವ್ಲಿಕ್ ಮೆಲ್ಲಗೇ ಹೇಳಿದ್ದಳು. ಆದರೂ ಅಕ್ಕಪಕ್ಕದ ಮೇಜುಗಳ ಮಾತು ಗಕ್ಕನೆ ನಿಂತಿತು.

ಡೇಟನ್ ಊರಾಚೆಯ ಹೋಟೆಲಿನ ದೊಡ್ಡ ಸಭಾಂಗಣ. ಹಸಿರು ಬಟ್ಟೆ ಹಾಸಿದ ಮೇಜುಗಳ ಮೇಲೆ ತಂಬಾಕು ಸೇದುವ ನೂರಾರು ಪೈಪುಗಳು, ಹಾಲು ಕುಡಿದು ಮಲಗಿದ ಕೂಸುಗಳಂತೆ ಒಂದರ ಪಕ್ಕ ಒಂದು. ಅವುಗಳ ಸುತ್ತ ಗಡ್ಡದ ಗಂಡಸರು, ಭೂತಗನ್ನಡಿಗಳು, ತಂಬಾಕಿನ ಡಬ್ಬಿಗಳು. ಈ ಪ್ರದರ್ಶನಕ್ಕೆ ಜೋಲೀನ್ ಬಂದದ್ದು ಇದೇ ಮೊದಲು. ಅವಳ ಮೇಜಿನ ಮೇಲಿದ್ದದ್ದು ಒಂದೇ ಒಂದು ಪೈಪ್. ಮಾರುವುದಕ್ಕಲ್ಲ. 'ಮುಂದಿನ ವರ್ಷ ಖಂಡಿತ ಹೋಗೋಣ' ಎಂದು ಪ್ರತಿ ವರ್ಷವೂ ಹೇಳುತ್ತಲೇ ಅಪ್ಪ ತೀರಿಕೊಂಡಿದ್ದ. ಅವನನ್ನಂತೂ ಕರೆತರಲಾಗಲಿಲ್ಲ, ಅವನ ಪೈಪಾದರೂ ಒಂದು ದಿನ ಇಲ್ಲಿ ಕೂರಲಿ ಎಂದು ಬಂದಿದ್ದಳು.

ಈಗ ಅದೇ ಇಲ್ಲ.

ಪ್ರದರ್ಶನ ನಡೆಸುವ ಪೈಪ್ ಸಂಘದ ಅಧ್ಯಕ್ಷ ಮೆರಿಟ್ ಕ್ವೇಲ್ ಹೊಟ್ಟೆ ಸವರುತ್ತ ಬಂದ. "ಏನಾಯ್ತು ಮಗಳೇ?"

"ನಾನು ನಿಮ್ಮ ಮಗಳಲ್ಲ. ನನ್ನ ಪೈಪ್ ಯಾರೋ ಬದಲಾಯಿಸಿದಾರೆ."

ಮೆರಿಟ್ ಪೈಪನ್ನು ತಿರುಗಿಸಿ ನೋಡಿದ. "ಅದೇ ಆಕಾರ. ಅದೇ ಬೆಳ್ಳಿ ಪಟ್ಟಿ. ನಳಿಗೆ ಮೇಲೆ ಹಲ್ಲಿನ ಗುರುತೂ ಇದೆ. ಇನ್ನೇನು ಬೇಕು? ಮೊದಲ ಸಲ ಬಂದವರಿಗೆ ಹೀಗೆ ಗಾಬರಿಯಾಗೋದು ಸಹಜ. ಒಂದು ಕಾಫಿ ಕುಡೀರಿ."

"ಕಾಫಿ ಆಮೇಲೆ ಕುಡೀತೀನಿ. ಮೊದಲು ಆ ಬಾಗಿಲು ಹಾಕಿಸಿ."

"ಏನು?"

"ಬಾಗಿಲು. ಹಾಕಿಸಿ. ಇಲ್ಲದಿದ್ರೆ ನಾನೇ ಹೋಗಿ ಅಡ್ಡ ನಿಲ್ತೀನಿ."

ಯಾರೋ ಕಿಸಕ್ಕೆಂದರು. ಜೋಲೀನ್ ಕುರ್ಚಿಯನ್ನು ದರದರ ಎಳೆದುಕೊಂಡು ಹೋಗಿ ಬಾಗಿಲ ಮುಂದೆ ಹಾಕಿ ಕೂತುಬಿಟ್ಟಳು. ನಗು ಅಡಗಿತು.

"ಸರಿ," ಎಂದ ಮೆರಿಟ್ ನಿಟ್ಟುಸಿರುಬಿಟ್ಟು. "ಇದು ನಿಮ್ಮದಲ್ಲ ಅಂತ ಹೇಗೆ ಹೇಳ್ತೀರಿ?"

"ನಳಿಗೆ ನಿಮ್ಮ ಕಡೆಗಿರೋ ಹಾಗೆ ಹಿಡೀರಿ. ಬಟ್ಟಲಿನ ಅಂಚು ಯಾವ ಕಡೆ ಕಮರಿದೆ?"

"ಬಲಗಡೆ."

"ನಮ್ಮಪ್ಪ ಎಡಚ. ಎಡಗೈಯಲ್ಲಿ ಕಡ್ಡಿ ಹಿಡಿದು ಹೊತ್ತಿಸೋನು. ಅವನ ಪೈಪ್ ಕಮರಿದ್ದು ಎಡಗಡೆ."

ಸುತ್ತಲಿದ್ದವರಲ್ಲಿ ಕೆಲವರು ತಲೆಯಾಡಿಸಿದರು. ಪೈಪಿನ ಜನ ಅಂಚಿನ ಕಪ್ಪು ನೋಡಿಯೇ ಸೇದಿದವನ ಕೈ ಯಾವುದೆಂದು ಹೇಳಬಲ್ಲವರು.

"ಬೆಳಿಗ್ಗೆಯಿಂದ ಯಾರಾರ ಕೈಗೆ ಕೊಟ್ಟಿರಿ?" ಎಂದು ಕೇಳಿದ ಮೆರಿಟ್.

ಇನ್ನೊಬ್ಬರ ಪೈಪನ್ನು ಕೇಳದೆ ಮುಟ್ಟುವುದು ಇಲ್ಲಿ ಅಪಚಾರ. ಕೇಳಿದವರಿಗೆ ಕೊಡದಿರುವುದೂ ಅಷ್ಟೇ ಅಪಚಾರ. ಜೋಲೀನ್ ಆ ಮರ್ಯಾದೆ ಮೀರಿರಲಿಲ್ಲ.

"ಮೂರು ಜನಕ್ಕೆ. ಈ ಪೈಪ್ ಬರತ್ತೆ ಅಂತ ತಿಳಿದು ಮೂವರೂ ಮೊದಲೇ ಸಂದೇಶ ಕಳಿಸಿ ಫೋಟೋ ತರಿಸಿಕೊಂಡೋರು. ಮೂವರೂ ಇಲ್ಲೇ ಇದಾರೆ."

ಮೊದಲನೆಯವಳು ಡೆಲ್ಫಿನ್ ಕ್ರೌಸ್, ಸಂಘದ ಪತ್ರಿಕೆಯ ಸಂಪಾದಕಿ. ಚಿತ್ರ ತೆಗೆಯಲೆಂದು ಪೈಪನ್ನು ಕಿಟಕಿಯ ಬೆಳಕಿಗೆ ಒಯ್ದಿದ್ದಳು.

"ನಾನು ಕದ್ದೆ ಅಂತೀಯಾ?" ಡೆಲ್ಫಿನ್ ಕನ್ನಡಕ ಮೂಗಿನ ತುದಿಗೆ ಇಳಿಸಿದಳು.

"ಪೈಪ್ ಕೈಗೆ ತಗೊಂಡಿದ್ದಿರಿ ಅಂತೀನಿ. ಅಷ್ಟೇ."

ಎರಡನೆಯವನು ಹಾರ್ಲನ್ ಪ್ರುಯಿಟ್, ಹಣವಂತ ಸಂಗ್ರಾಹಕ. ಈ ಪೈಪ್ ಕೆತ್ತಿದ್ದ ಡೆನ್ಮಾರ್ಕಿನ ಕುಶಲಕರ್ಮಿ ಸ್ಕಾವ್‌ಬಿ ಬದುಕಿಡೀ ಮಾಡಿದ್ದು ಬೆರಳೆಣಿಕೆಯಷ್ಟು. ಅವುಗಳಲ್ಲಿ ಹೆಚ್ಚಿನವು ಹಾರ್ಲನ್ ಬಳಿಯೇ ಇದ್ದವು.

"ನನಗೆ ಬೇಕಿತ್ತು, ನಿಜ," ಎಂದ ಹಾರ್ಲನ್. "ಅದಕ್ಕೇ ಎಲ್ಲರೆದುರು ಕೇಳಿದೆ. ಕೊಡಲ್ಲ ಅಂದ್ರಿ. ಮುಗೀತು. ಕದಿಯೋದಾದ್ರೆ ಕೇಳಿ ಸುದ್ದಿ ಮಾಡ್ತಿದ್ದೆನಾ?"

ಮೂರನೆಯವನು ರೋಲಿನ್ ಬೀಚಮ್. ಹಳೆಯ ಪೈಪುಗಳನ್ನು ರಿಪೇರಿ ಮಾಡಿ ಹೊಸದರಂತೆ ಮಾಡುವವನು. ಮೃದು ಮಾತು, ಮೃದು ನಗು. ತನ್ನ ಮೇಜಿನ ದೀಪದಡಿ ಪೈಪನ್ನು ಭೂತಗನ್ನಡಿಯಲ್ಲಿ ನೋಡಿ ಬಟ್ಟೆಯಲ್ಲಿ ಒರೆಸಿಕೊಟ್ಟಿದ್ದ.

"ಪಾಪ, ದುಃಖದಲ್ಲಿದಾರೆ," ಎಂದ ರೋಲಿನ್ ಮೆರಿಟ್ ಕಡೆ ತಿರುಗಿ. "ನೆನಪು ಕೈಕೊಡತ್ತೆ. ಇವರ ಮೇಲೆ ಸಿಟ್ಟಾಗಬೇಡಿ."

ಜೋಲೀನಳಿಗೆ ಮೈಯೆಲ್ಲ ಉರಿಯಿತು. "ನನ್ನ ನೆನಪಿಗೆ ಏನೂ ಆಗಿಲ್ಲ, ಬೀಚಮ್."

"ಹೌದಾ? ಹಾಗಾದ್ರೆ ನೀವೇ ಕಳಿಸಿದ ಫೋಟೋ ನೋಡಿ." ರೋಲಿನ್ ಫೋನು ತೆಗೆದು ಎಲ್ಲರಿಗೂ ಕಾಣುವಂತೆ ಎತ್ತಿಹಿಡಿದ.

ಹಳೆಯ ಚಿತ್ರ. ಕ್ಷೌರದಂಗಡಿಯ ಕುರ್ಚಿಯಲ್ಲಿ ಅಪ್ಪ. ಕ್ಷೌರ ಮುಗಿದು ಹೊದಿಕೆ ತೆಗೆದಾಗಿದೆ. ಬಾಯಲ್ಲಿ ಪೈಪ್. ಉರಿಯುವ ಕಡ್ಡಿ ಅವನ ಬಲಗೈಯಲ್ಲಿ. ಬಟ್ಟಲಿನ ಅಂಚು ಬಲಗಡೆಯೇ ಕಪ್ಪು.

"ಬಲಗೈ!" ಎಂದರು ಯಾರೋ.

"ಇದೇನಮ್ಮ?" ಮೆರಿಟ್ ದನಿ ಗಡುಸಾಯಿತು. "ಮೂವರು ಮರ್ಯಾದಸ್ಥರ ಮೇಲೆ ಅಪವಾದ ಹೊರಿಸಿದಿರಿ. ಮೊದಲು ಕ್ಷಮೆ ಕೇಳಿ. ಆಮೇಲೆ ನಿಮ್ಮ ಸಾಮಾನು ಎತ್ತಿಕೊಂಡು ಹೊರಡಿ."

ಜೋಲೀನ್ ಚಿತ್ರವನ್ನೇ ದಿಟ್ಟಿಸಿದಳು. ಬಲಗೈ. ನಿಜ. ಅಪ್ಪ ಬಲಗೈಯಲ್ಲಿ ಹೊತ್ತಿಸುತ್ತಿದ್ದನೇ? ಊಟದ ಮೇಜಿನಲ್ಲಿ ಪಕ್ಕ ಕೂತಾಗಲೆಲ್ಲ ಅಪ್ಪನ ಎಡ ಮೊಣಕೈ ತನ್ನ ತಟ್ಟೆಗೆ ತಗುಲುತ್ತಿತ್ತಲ್ಲ? ಅದೂ ಸುಳ್ಳೇ?

"ಎದ್ದೇಳಿ ಮೇಡಂ."

"ಏಳಲ್ಲ."

"ನೋಡಿ—"

"ನೀವೇ ನೋಡಿ." ಅವಳ ಕಣ್ಣು ಅಪ್ಪನ ಎದೆಯ ಮೇಲೆ ನಿಂತಿತ್ತು. "ಮೆರಿಟ್, ನಿಮ್ಮ ಅಂಗಿ ಜೇಬು ಯಾವ ಕಡೆ ಇದೆ?"

"ಹಾಂ?"

"ಜೇಬು, ಜೇಬು! ಕೈಯಿಟ್ಟು ಹೇಳಿ."

ಮೆರಿಟ್ ಪೆಚ್ಚಾಗಿ ಎಡ ಎದೆ ಮುಟ್ಟಿಕೊಂಡ. "ಎಡಗಡೆ."

"ಹಾರ್ಲನ್, ನಿಮ್ಮದು?"

"ಎಡಗಡೆ. ಎಲ್ಲಾ ಗಂಡಸರದ್ದೂ ಅಲ್ಲೇ."

"ಚಿತ್ರದಲ್ಲಿ ನಮ್ಮಪ್ಪನ ಜೇಬು ಎಲ್ಲಿದೆ?"

ತಲೆಗಳು ಫೋನಿನತ್ತ ಬಾಗಿದವು. ಡೆಲ್ಫಿನ್ ಮೊದಲು ಉಸಿರೆಳೆದುಕೊಂಡಳು. "ಬಲಗಡೆ! ಗುಂಡಿಗಳೂ ತಿರುಗುಮುರುಗಾಗಿವೆ!"

"ಆವತ್ತು ನಾನು ಅಂಗಡಿ ಬೆಂಚಿನ ಮೇಲೆ ಅಪ್ಪನ ಬೆನ್ನ ಹಿಂದೆ ಓರೆಯಾಗಿ ಕೂತಿದ್ದೆ. ಅವನ ಮುಖ ಕಾಣ್ತಿದ್ದದ್ದು ಎದುರಿನ ಕನ್ನಡಿಯಲ್ಲಿ ಮಾತ್ರ. ನಾನು ತೆಗೆದದ್ದು ಕನ್ನಡಿಯೊಳಗಿನ ಅಪ್ಪನ್ನ. ಕನ್ನಡಿಯಲ್ಲಿ ಎಡ ಬಲವಾಗತ್ತೆ. ಮೊದಲೇ ಹೊಳೀಬೇಕಿತ್ತು ನನಗೆ."

ಜೋಲೀನ್ ಎದ್ದು ನಿಂತಳು.

"ಡೆಲ್ಫಿನ್, ನಿಮಗೆ ಕಳಿಸಿದ ಫೋಟೋ ತೋರಿಸಿ."

ಅಡುಗೆಮನೆಯ ಮೇಜಿನ ಮೇಲೆ ಪೈಪ್, ನಳಿಗೆ ನೋಡುವವರ ಕಡೆಗೆ, ಮೇಲಿನಿಂದ ತೆಗೆದದ್ದು. ಕಪ್ಪು ಎಡಗಡೆ.

"ಹಾರ್ಲನ್?"

ಕೆರೆಯ ದಂಡೆಯಲ್ಲಿ ಗಾಳ ಹಾಕಿ ಕೂತ ಅಪ್ಪ. ಎಡಗೈಯಲ್ಲಿ ಕಡ್ಡಿ, ಅಂಚಿನ ಕಪ್ಪೂ ಎಡಗಡೆ.

"ಒಂದೇ ದಿನ ಕೇಳಿರಲಿಲ್ಲ ನೀವು ಮೂವರು. ಕೈಗೆ ಸಿಕ್ಕಿದ್ದನ್ನ ಕಳಿಸಿದೆ. ಒಬ್ಬೊಬ್ಬರಿಗೆ ಒಂದೊಂದು ಫೋಟೋ ಹೋಯ್ತು." ಅವಳು ಮೆರಿಟ್ ಕೈಯಿಂದ ನಕಲಿ ಪೈಪನ್ನು ತೆಗೆದುಕೊಂಡು ಎತ್ತಿಹಿಡಿದಳು. "ಇದನ್ನು ಮಾಡಿದವನು ನಿಮ್ಮ ಪೈಕಿಯವನೇ. ಹೊರಗಿನ ಕಳ್ಳನಾಗಿದ್ರೆ ಅಂಚಿನ ಕಪ್ಪಿಗೆ ಇಷ್ಟು ತಲೆ ಕೆಡಿಸಿಕೊಳ್ತಿರಲಿಲ್ಲ. ಇವನು ಫೋಟೋ ನೋಡಿ ನೋಡಿ, ಎಲ್ಲಿ ಕಪ್ಪಿದೆಯೋ ಅಲ್ಲೇ ಅಳತೆಯಾಗಿ ಸುಟ್ಟಿದಾನೆ. ಡೆಲ್ಫಿನ್ ಮಾಡಿಸಿದ್ರೆ ಎಡಗಡೆ ಸುಡಿಸ್ತಿದ್ದರು. ಹಾರ್ಲನ್ ಮಾಡಿಸಿದ್ರೂ ಎಡಗಡೆಯೇ. ಬಲಗಡೆ ಸುಡೋನು ಈ ಕನ್ನಡಿ ಚಿತ್ರ ನೋಡಿದವನೊಬ್ಬನೇ. ಅಲ್ವಾ ರೋಲಿನ್?"

ರೋಲಿನ್ ನಕ್ಕ. ನಗು ಅರ್ಧಕ್ಕೇ ಸೊರಗಿತು. ಅವನ ಕೈ ಸೊಂಟದ ಚರ್ಮದ ಚೀಲವನ್ನು ಒತ್ತಿ ಹಿಡಿದಿತ್ತು.

"ಚೀಲ ಬಿಚ್ಚಪ್ಪ," ಎಂದ ಹಾರ್ಲನ್.

"ಅದು ನನ್ನ ಸ್ವಂತದ್ದು—"

"ಬಿಚ್ಚು ಅಂದೆ."

ಹಾರ್ಲನ್ನನ ಅಂಗೈಗೆ ಪೈಪ್ ಜಾರಿತು. ಬೆಳ್ಳಿ ಪಟ್ಟಿ. ಹಲ್ಲಿನ ಗುರುತು. ಎಡ ಅಂಚಿನಲ್ಲಿ ಕಪ್ಪು. ಕೊಳ್ಳಲು ಅಷ್ಟು ಹಂಬಲಿಸಿದವನು ಅದನ್ನು ಕಣ್ಣೆತ್ತಿಯೂ ನೋಡದೆ ಎರಡೂ ಕೈಯಲ್ಲಿ ಜೋಲೀನಳಿಗೆ ಒಪ್ಪಿಸಿದ.

ಅವಳು ಅದನ್ನು ಮೂಗಿಗೆ ಹಿಡಿದಳು. ಅಪ್ಪ. ಕಣ್ಣು ಮಂಜಾಯಿತು.

ಮೆರಿಟ್ ಹತ್ತಿರ ಬಂದು ದನಿ ತಗ್ಗಿಸಿದ. "ಪೈಪ್ ಸಿಕ್ತಲ್ಲ. ರೋಲಿನ್ ಹಳಬ. ಸಂಘದ ಮರ್ಯಾದೆ ಪ್ರಶ್ನೆ. ಇದನ್ನ ನಮ್ಮ ನಮ್ಮಲ್ಲೇ ಮುಗಿಸೋಣ. ಮುಂದಿನ ವರ್ಷ ನಿಮಗೆ ಬಾಗಿಲ ಹತ್ತಿರದ ಒಳ್ಳೆ ಮೇಜೇ ಕೊಡಿಸ್ತೀನಿ."

"ಈಗ ತಾನೇ ನನ್ನ ಹತ್ತಿರ ಕ್ಷಮೆ ಕೇಳಿಸೋಕೆ ಹೊರಟಿದ್ದಿರಿ. ಅದೂ ಎಲ್ಲರೆದುರು."

"ಅದು... ಆಗ ಗೊತ್ತಿರಲಿಲ್ಲ."

"ಈಗ ಗೊತ್ತಲ್ಲ?"

ಮೆರಿಟ್ ಕೆಂಪಗಾದ. ಕೊನೆಗೆ, "ತಪ್ಪಾಯ್ತು," ಎಂದ, ತನ್ನ ಬೂಟಿಗೆ ಹೇಳುವವನಂತೆ.

"ಕೇಳಿಸಲಿಲ್ಲ. ಹಿಂದಿನ ಸಾಲಿನವರಿಗಂತೂ ಕೇಳಿಸಿರೋಲ್ಲ."

"ತಪ್ಪಾಯ್ತು ಮಿಸ್ ಹಾವ್ಲಿಕ್!"

"ಸರಿ." ಜೋಲೀನ್ ಒಂದು ಕೈಯಲ್ಲಿ ಪೈಪನ್ನು ಎದೆಗವಚಿಕೊಂಡು, ಇನ್ನೊಂದು ಕೈಯಲ್ಲಿ ತನ್ನ ಫೋನು ತೆಗೆದು, ಎಲ್ಲರೂ ನೋಡುತ್ತಿರುವಂತೆಯೇ ಪೊಲೀಸರ ನಂಬರು ಒತ್ತಿದಳು. "ಹಲೋ? ಒಂದು ಕಳ್ಳತನದ ದೂರು ಕೊಡಬೇಕಿತ್ತು. ಇಲ್ಲ, ಕಳ್ಳ ಓಡಿಹೋಗಿಲ್ಲ. ಬಾಗಿಲಲ್ಲಿ ನಾನಿದೀನಿ."