ಡಾಕ್ಟರು ಬಂದರು

ಪರದೆಯ ಮೇಲೆ ಮತ್ತೊಂದು ಮೀಸೆ ಮೂಡಿತು. ನಿರ್ದೇಶಕಿ ದಾಕ್ಷಾಯಣಿ ಕುರ್ಚಿಯ ತುದಿಗೆ ಸರಿದಳು.

ಗಾಜಿನ ಗೋಡೆಯಾಚೆ ಬ್ಯಾಂಕ್ ನೌಕರರೊಬ್ಬರು ತಲೆಗೆ ತೆಳುವಾದ ಟೊಪ್ಪಿಗೆ ತೊಟ್ಟು 'ಜ್ವರದ ಮನೆ' ಕಾದಂಬರಿ ಓದುತ್ತಿದ್ದರು. ಓದುವಾಗ ಮನಸ್ಸಿನಲ್ಲಿ ಮೂಡುವ ಚಿತ್ರಕ್ಕೆ ಓದುಬಿಂಬ ಎಂದು ಹೆಸರು; ಅದು ನೇರವಾಗಿ ಇತ್ತ ಪರದೆಗೆ ಇಳಿಯುತ್ತಿತ್ತು. 'ಡಾಕ್ಟರು ಬಂದರು' ಎಂಬ ವಾಕ್ಯ ತಲುಪಿದ್ದೇ ತಡ, ಬಿಳಿ ಕೋಟಿನ, ದಪ್ಪ ಮೀಸೆಯ ಗಂಡಸೊಬ್ಬ ಬಾಗಿಲಲ್ಲಿ ಬಂದು ನಿಂತ.

ದಾಕ್ಷಾಯಣಿಯ ಸಿನಿಮಾದಲ್ಲಿ ಡಾಕ್ಟರು ಹೆಂಗಸು.

ಹಿಂದೆಲ್ಲ ಕಾದಂಬರಿಯೊಂದು ಸಿನಿಮಾ ಆದರೆ ಥಿಯೇಟರಿನ ಹೊರಗೆ ಜಗಳವೇ ನಡೆಯುತ್ತಿತ್ತು. ಪುಸ್ತಕದ ಮುಂದೆ ಇದು ಏನೂ ಅಲ್ಲ ಎನ್ನುವವರು, ಪುಸ್ತಕ ಓದದೆಯೇ ಹೌದು ಹೌದು ಎನ್ನುವವರು. ಬಿಂಬಮಾಪಕ ಬಂದ ಮೇಲೆ ಆ ರಗಳೆ ತಪ್ಪಿತು. ಹಲವು ಓದುಗರ ಬಿಂಬಗಳನ್ನು ಬೆರೆಸಿ ಯಂತ್ರ ಒಂದು ಸರಾಸರಿ ಚಿತ್ರ ಮಾಡುತ್ತದೆ, ಅದನ್ನು ಸಿನಿಮಾದ ಪಕ್ಕದಲ್ಲಿಟ್ಟು ಅಳೆಯುತ್ತದೆ. ಬರುವ ಅಂಕಿಯೇ ಸಾಮ್ಯಾಂಕ. ನೂರಕ್ಕೆ ಐವತ್ತು ಬಾರದಿದ್ದರೆ ಸಿನಿಮಾ ಆ ಕಾದಂಬರಿಯ ಹೆಸರು ಹಾಕಿಕೊಳ್ಳುವಂತಿಲ್ಲ. ವಿಮರ್ಶಕರು ಕೆಲಸ ಕಳೆದುಕೊಂಡರು; ಅದಕ್ಕಾಗಿ ಅತ್ತವರು ಕಡಿಮೆ.

'ಜ್ವರದ ಮನೆ' ಎಂಬ ಹೆಸರಿಲ್ಲದಿದ್ದರೆ ದಾಕ್ಷಾಯಣಿಯ ಸಿನಿಮಾವನ್ನು ಯಾರೂ ಬಿಡುಗಡೆ ಮಾಡುವುದಿಲ್ಲ. ಅವಳ ನಾಲ್ಕು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ.

"ಮೂವತ್ತೊಂದು ಬಂತ್ರೀ ಮೇಡಂ," ಎಂದರು ಯಂತ್ರವನ್ನು ನೋಡಿಕೊಳ್ಳುವ ವಿಜ್ಞಾನಿ ಶ್ರೀಪಾದ ಗಲಗಲಿ. "ಡಾಕ್ಟರನ್ನ ಹೆಂಗಸು ಮಾಡೀರಿ. ಭಾಳ ಧೈರ್ಯ ಅದ ನಿಮಗ."

"ನಾ ಏನೂ ಬದಲ ಮಾಡಿಲ್ರೀ ಸರ್! ಪುಸ್ತಕದಾಗ ಡಾಕ್ಟರು ಹೆಂಗಸೇ ಅದಾರ."

"ಎಲ್ಲಿ? ತೋರಸ್ರಿ ನೋಡೋಣ."

ದಾಕ್ಷಾಯಣಿ ಪುಟ ತಿರುವಿದಳು. ಇಡೀ ಕಾದಂಬರಿ ಜ್ವರ ಬಂದು ಮಲಗಿದ ಹುಡುಗಿಯ ಮಾತಿನಲ್ಲಿದೆ. ಅವಳಿಗೆ ತಿಳಿದದ್ದು ಹಣೆಯ ಮೇಲಿನ ಕೈ, ಔಷಧದ ವಾಸನೆ, ಬಿಳಿ ಕೋಟು, ಅಷ್ಟೇ. ಡಾಕ್ಟರು ಬಂದರು, ಡಾಕ್ಟರು ನಕ್ಕರು, ಡಾಕ್ಟರು ಸಿಟ್ಟಾದರು. 'ಬಂದಳು' ಎಂದು ಒಂದು ಕಡೆಯೂ ಇಲ್ಲ, 'ಬಂದನು' ಎಂದೂ ಇಲ್ಲ. ಕನ್ನಡದಲ್ಲಿ ಒಬ್ಬರಿಗೆ ಗೌರವ ಕೊಟ್ಟ ಕೂಡಲೇ ಅವರು ಗಂಡೋ ಹೆಣ್ಣೋ ಎಂಬ ಗುರುತು ಅಳಿಸಿಹೋಗುತ್ತದೆ. ಚಿಕ್ಕಂದಿನಲ್ಲಿ ಓದಿದಾಗ ದಾಕ್ಷಾಯಣಿಗೆ ಕಂಡದ್ದು ಹೆಂಗಸು. ಪುಸ್ತಕದ ರಟ್ಟಿನ ಮೇಲೆ ಬರೆದಿದ್ದ ಚಿತ್ರದ ಮೀಸೆಯವನು ಹುಡುಗಿಯ ಅಪ್ಪನೆಂದು ಅವಳು ತಿಳಿದಿದ್ದಳು. ಅವಳ ತಂಡದವರೋ, ಇದು ನಿರ್ದೇಶಕಿಯ ಹೊಸ ಪ್ರಯೋಗವೆಂದು ಬಾಯಿ ಮುಚ್ಚಿಕೊಂಡಿದ್ದರು.

ಉಳಿದದ್ದು ಒಂದೇ ದಾರಿ. ಬರೆದವರು ಬದುಕಿದ್ದರೆ ಅವರ ಬಿಂಬವೊಂದೇ ಮಿಕ್ಕೆಲ್ಲರ ಬಿಂಬಕ್ಕಿಂತ ಮೇಲು ಎಂದು ನಿಯಮವಿತ್ತು. ಲೇಖಕಿ ಅಂಬುತಾಯಿ ಕಲಕೋಟಿಯವರಿಗೆ ಎಂಬತ್ತು ದಾಟಿತ್ತು. ಹೇಳಿಕಳಿಸಿದಾಗ ಮರುದಿನವೇ ಬಂದರು.

"ಅಮ್ಮಾರ, ನಿಮ್ಮ ಡಾಕ್ಟರು ಗಂಡಸೋ ಹೆಂಗಸೋ?" ದಾಕ್ಷಾಯಣಿಗೆ ತಡೆಯಲಾಗಲಿಲ್ಲ.

"ಇದೆಂಥಾ ಪ್ರಶ್ನಿ! ಹೆಂಗಸು. ಸಣ್ಣಾಕಿದ್ದಾಗ ನನ್ನ ಜೀವಾ ಉಳಿಸಿದವರು ಅವರು."

ದಾಕ್ಷಾಯಣಿಗೆ ಹೋದ ಜೀವ ಬಂದಂತಾಯಿತು. "ಹಂಗಾರ 'ಬಂದಳು' ಅಂತ ಬರೀಬೇಕಿತ್ತಲ್ರೀ."

"ಡಾಕ್ಟರಿಗೆ 'ಬಂದಳು' ಅಂತಾರೇನು, ಹುಚ್ಚಿ? ನಮ್ಮವ್ವ ನಾಲಿಗಿಗೆ ಬರಿ ಹಾಕತಿದ್ದಳು."

ಗಲಗಲಿಯವರು ಟೊಪ್ಪಿಗೆ ತೊಡಿಸಿದರು. ಅಂಬುತಾಯಿ ತಾವೇ ಬರೆದ ಸಾಲನ್ನು ಓದಿದರು. ಪರದೆಯ ಬಾಗಿಲಲ್ಲಿ ಬಂದು ನಿಂತದ್ದು ಅದೇ ಬಿಳಿ ಕೋಟು, ಅದೇ ದಪ್ಪ ಮೀಸೆ.

"ಇವನ್ಯಾರು?" ಅಂಬುತಾಯಿ ಕುರ್ಚಿಯಿಂದ ಅರ್ಧ ಎದ್ದರು. "ಇವರಲ್ಲ! ಯಂತ್ರ ಕೆಟ್ಟದ ನೋಡ್ರಿ."

"ಕೆಟ್ಟಿಲ್ರೀ ಅಮ್ಮಾರ," ಗಲಗಲಿಯವರ ದನಿ ಇಳಿದಿತ್ತು. "ನೆನಪು ಅಂದ್ರ ಪೆಟ್ಟಿಗ್ಯಾಗ ಮಡಿಚಿಟ್ಟ ಸೀರಿ ಅಲ್ಲ. ತಗದಾಗೊಮ್ಮೆ ಮನಸ್ಸು ಅದನ್ನ ಮತ್ತ ನೇಯ್ತದ. ಮುದ್ರಣದ ಮ್ಯಾಲೆ ಮುದ್ರಣ ರಟ್ಟಿನ ಮ್ಯಾಲೆ ಮೀಸಿ ನೋಡೀರಿ. ಓದಿದವರೆಲ್ಲಾ ಬಂದು, ನಿಮ್ಮ ಡಾಕ್ಟರು ನಮ್ಮ ಕಾಕಾನ ಹಂಗ ಇದ್ದಾರ ಅಂದಿರಬೇಕು. ನೀವೂ ಹೂಂ ಅಂದಿರಬೇಕು."

ಅಂಬುತಾಯಿ ಕಣ್ಣು ಮುಚ್ಚಿ ಹುಡುಕಿದರು. ಆ ಮುಖ ಬರಲಿಲ್ಲ. ಎಲ್ಲಿಯೂ ಒಂದು ಫೋಟೋ ಕೂಡ ಇರಲಿಲ್ಲ. ದಾಕ್ಷಾಯಣಿಗೆ ತನ್ನ ಸಿನಿಮಾದ ಚಿಂತೆ ಮರೆತೇಹೋಯಿತು. ಆ ಮುದಿ ಮುಖದಲ್ಲಿದ್ದ ದಿಗಿಲು ನೋಡಲಾಗುತ್ತಿರಲಿಲ್ಲ.

"ಮರ್ಯಾದಿ ಕೊಟ್ಟು ಕೊಟ್ಟು ಅವರನ್ನ ಗಂಡಸು ಮಾಡಿಬಿಟ್ಟೆ," ಎಂದರು ಅಂಬುತಾಯಿ. ಆಮೇಲೆ, "ನಿನ್ನ ಸಿನಿಮಾ ತೋರಸವ್ವಾ."

ದಾಕ್ಷಾಯಣಿಯ ಕೈ ಹಿಡಿದುಕೊಂಡೇ ಇಡೀ ಸಿನಿಮಾ ನೋಡಿದರು. ಮುಗಿದ ಮೇಲೆ ಟೊಪ್ಪಿಗೆಯನ್ನು ತಾವೇ ತೊಟ್ಟು ಮತ್ತೆ ಓದಿದರು. ಈ ಸಲ ಬಾಗಿಲಲ್ಲಿ ಹೆಂಗಸೊಬ್ಬರು ನಿಂತಿದ್ದರು. ಸಿನಿಮಾದ ನಟಿಯದೇ ಮುಖ, ಅವಳದೇ ನಗು.

"ಸಾಮ್ಯಾಂಕ ತೊಂಬತ್ತಾರು!" ಗಲಗಲಿಯವರು ಕುಣಿದೇಬಿಟ್ಟರು. "ಬರೆದವರ ಕಡೀ ಓದೇ ಲೆಕ್ಕಕ್ಕ. ನಿಯಮದಾಗ ಹಂಗ ಅದ. ಗೆದ್ರಿ ಮೇಡಂ!"

ತನ್ನ ಸಿನಿಮಾ ತನಗೇ ಅಂಕ ಕೊಟ್ಟುಕೊಂಡಿದೆ ಎಂದು ದಾಕ್ಷಾಯಣಿಗೆ ತಿಳಿಯದೆ ಇರಲಿಲ್ಲ. ಅವಳು ಹೆದರುತ್ತ ಕೇಳಿದಳು:

"ಅಮ್ಮಾರ, ಆ ಡಾಕ್ಟರು ಇವರೇ ಏನ್ರೀ?"

"ಅಲ್ಲವ್ವಾ. ಆದ್ರ ಇನ್ನ ನನಗ ಕಾಣೂದು ಇವರೇ." ಅಂಬುತಾಯಿ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇರಲಿ, ಹೆಂಗಸಂತೂ ಆದರು."

ದಾಕ್ಷಾಯಣಿಗೆ ದುಃಖ ಒತ್ತರಿಸಿ ಬಂತು. ಏನಾದರೂ ಮಾಡಲೇಬೇಕು ಅನ್ನಿಸಿತು. "ಸಿನಿಮಾದ ಮೊದಲಿಗೇ ಅವರ ಹೆಸರು ಹಾಕ್ತೇನ್ರೀ. ದೊಡ್ಡ ಅಕ್ಷರದಾಗ. ಏನಂತಿದ್ರು ಅವರಿಗೆ?"

"ಡಾಕ್ಟರು ಅಂತಿದ್ವಿ."

"ಅದಲ್ರೀ, ಹೆಸರು."

"ಅಷ್ಟು ದೊಡ್ಡವರನ್ನ ಹೆಸರು ಹಿಡದು ಕರೀತಾರೇನು..." ಎನ್ನುತ್ತ ಅಂಬುತಾಯಿ ಮಾತು ಅರ್ಧಕ್ಕೇ ಬಿಟ್ಟರು. ಆ ಹೆಸರು ತಮಗೂ ಗೊತ್ತಿರಲಿಲ್ಲ; ಬಾಯಿಗೆ ಸೆರಗು ಒತ್ತಿಕೊಂಡರು.