ಒಡೆದ ಗಾಜಿನ ಶಕುನ

ಭಾನುವಾರ ಹೊಸಕೋಟೆಯಿಂದ ಗಂಡಿನ ಕಡೆಯವರು ಬರ್ತಾರೆ ಅಂದಾಗ, ಬೇಡ ಅನ್ನೋಕೆ ನನ್ನ ಹತ್ರ ಒಂದೇ ಕಾರಣ ಇತ್ತು. ಅದನ್ನ ಅಮ್ಮನಿಗೆ ಹೇಳೋ ಹಾಗಿರಲಿಲ್ಲ. ನಾನು ಪ್ರೀತಿಸಿದ್ದು ಒಂದು ದನಿಯನ್ನ. ಮುಖ ನೋಡಿಲ್ಲ, ಹೆಸರು ಗೊತ್ತಿಲ್ಲ. ನಗಬೇಡಿ!

ನಮ್ಮ ಕಂಪನಿ ಇರೋದು ದೇವನಹಳ್ಳಿ ಹತ್ರ. ಶಬ್ದಕ್ಕಿಂತ ಆರು ಪಟ್ಟು ವೇಗದಲ್ಲಿ ಹಾರಿ, ಗಡಿಯಾಚೆ ಫೋಟೋ ತೆಗೆದು ಬರೋ ಪೈಲಟ್ ಇಲ್ಲದ ವಿಮಾನ ಮಾಡ್ತಿದ್ದೀವಿ. ಅಷ್ಟು ಸ್ಪೀಡಲ್ಲಿ ಗಾಳಿಯೇ ಬೆಂಕಿ. ಆ ಬೆಂಕಿಗೆ ಕ್ಯಾಮೆರಾ ಮುಂದಿನ ಗಾಜು ಒಡೀಬಾರದು. ಆ ಗಾಜು ನನ್ನ ಕೆಲಸ. ಮನೇಲೂ ಬಾಯಿಬಿಡೋ ಹಾಗಿಲ್ಲ, ಅದಕ್ಕೆ ಅಪ್ಪ ಊರಿಗೆಲ್ಲ "ಮಗಳು ಗ್ಲಾಸ್ ಫ್ಯಾಕ್ಟರೀಲಿದ್ದಾಳೆ" ಅಂತಾರೆ.

ಗಾಜಿಗೆ ಬಿಸಿ ಕೊಟ್ಟು ಪರೀಕ್ಷೆ ಮಾಡೋರು ಇನ್ನೊಂದು ಕಟ್ಟಡದಲ್ಲಿ. ಅವರ ಗೇಟೇ ಬೇರೆ. ಒಳಗಿನ ಫೋನಲ್ಲಿ ಹೆಸರು ಹೇಳಬಾರದು ಅಂತ ರೂಲು. ಹಾಗಾಗಿ ನಾನು "ಕಿಟಕಿ", ಅಲ್ಲಿಂದ ಫೋನ್ ಮಾಡೋ ಹುಡುಗ "ಒಲೆ".

"ಕಿಟಕಿಯವರೇ, ನಿಮ್ಮ ಗಾಜು ಶಿವನ ಪಾದ ಸೇರ್ತು ಕಣ್ರೀ."

"ಉರಿ ನಿಧಾನ ಏರಿಸಿ ಅಂತ ಎಷ್ಟು ಸಲ ಬಡ್ಕೊಳ್ಲಿ ನಿಮಗೆ?"

"ಹಾರೋವಾಗ ಬಿಸಿ ನಿಮ್ಮನ್ನ ಕೇಳ್ಕೊಂಡು ಏರುತ್ತಾ? ಅದಿರ್ಲಿ, ಇನ್ನೂ ಸ್ವಲ್ಪ ಬೈಯ್ರಿ. ನಿಮ್ಮ ಬೈಗುಳ ಕೇಳದೆ ಊಟ ಸೇರಲ್ಲ ನಂಗೆ."

ಹೀಗೆ ಮೂರು ಗಾಜು ಹೋದವು, ಜೊತೆಗೆ ನಾನೂ. ಬಿಸಿಗೆ ಹಿಗ್ಗೋಕೆ ಜಾಗ ಇರಲಿ ಅಂತ ನಾಲ್ಕನೇದನ್ನ ಚೌಕಟ್ಟು ಕೊಂಚ ಸಡಿಲ ಮಾಡಿ ಕಳಿಸಿದ್ದೆ. ಪರೀಕ್ಷೆ ಸೋಮವಾರ.

ಭಾನುವಾರ ಬೂದಿಗೆರೆಯ ನಮ್ಮ ಹಜಾರದಲ್ಲಿ ಗಂಡು ಅಂಜನ್, ಪಕ್ಕದಲ್ಲಿ ಅವನ ಅಜ್ಜಿ ದ್ಯಾವಮ್ಮ. ಹುಡುಗ ಯಾವುದೋ ಸ್ಟೌವ್ ಕಂಪನೀಲಿ ಇಂಜಿನಿಯರಂತೆ. ತಲೆ ಬಗ್ಗಿಸಿ ಟ್ರೇ ಹಿಡ್ಕೊಂಡು ಹೋದೆ. 'ಬೇಡ' ಅನ್ನೋದು ನಾಲಿಗೆ ತುದೀಲೇ ಇತ್ತು. ಅಮ್ಮ ಷೋಕೇಸಿನ ಹೊಸ ಗಾಜಿನ ಲೋಟಕ್ಕೆ ಕುದಿಯೋ ಕಾಫಿ ಸುರಿದಿದ್ಲು. ಅವನು ಕೈ ಚಾಚಿದ್ದೇ ತಡ, ಟಿಕ್ ಅಂತ ಲೋಟ ಸೀಳಿ ಕಾಫಿಯೆಲ್ಲ ಟ್ರೇ ಪಾಲಾಯ್ತು.

"ಶಿವನ ಪಾದ ಸೇರ್ತು ಕಣ್ರೀ," ಅಂದ.

ಅದೇ ದನಿ! ಬಾಯಿ ನನ್ನ ಮಾತು ಕೇಳಲಿಲ್ಲ. "ಉರಿ ನಿಧಾನ ಏರಿಸಿ ಅಂತ ಎಷ್ಟು ಸಲ ಬಡ್ಕೊಳ್ಲಿ ನಿಮಗೆ?"

ಅಮ್ಮ ಹಣೆ ಚಚ್ಚಿಕೊಂಡ್ಲು. ಅಂಜನ್ ಮೆಲ್ಲಗೆ ತಲೆ ಎತ್ತಿ ನನ್ನ ಕಣ್ಣು ನೋಡಿದ, ತುಟಿ ನೋಡಿದ, ಮತ್ತೆ ಕಣ್ಣು ನೋಡಿದ. ನಗು ತಡೆಯೋಕೆ ಕೆಳತುಟಿ ಕಚ್ಚಿಕೊಂಡ. ಎಡಗೆನ್ನೇಲಿ ಗುಳಿ ಬೀಳುತ್ತೆ ಅಂತ ಫೋನಲ್ಲಿ ಹೇಗೆ ಗೊತ್ತಾಗಬೇಕು?

ದ್ಯಾವಮ್ಮಜ್ಜಿ ಎದ್ದೇಬಿಟ್ಟರು. "ಗಾಜು ಒಡೀತು, ಅಪಶಕುನ. ಹುಡ್ಗೀಗೆ ಬಾಯಿ ಬೇರೆ ಜೋರು. ನಡೀರಿ ಹೋಗಾಣ."

ಇಷ್ಟು ದಿನಕ್ಕೆ ಸಿಕ್ಕವನು ಬಾಗಿಲು ದಾಟಿಬಿಟ್ರೆ?

"ಕೂತ್ಕೊ ಅಜ್ಜಿ," ಅಂದ ಅಂಜನ್, ಕಣ್ಣು ನನ್ನ ಮೇಲಿಂದ ತೆಗೀದೇ. "ಗಾಜು ಒಡೆದಾಗಲೆಲ್ಲ ನಂಗೆ ಒಳ್ಳೇದೇ ಆಗಿರೋದು. ಹುಡುಗಿ ಒಪ್ಪಿಗೆ."

ಅಪ್ಪ ನನ್ನ ಕಡೆ ತಿರುಗಿದರು. "ನೀನೇನಂತೀಯಮ್ಮ ಪ್ರಮೋದಾ?"

"ಸ್ಟೌವ್ ಕಂಪನಿಯವರು ಪರವಾಗಿಲ್ಲಪ್ಪ," ಅಂದು ಒಳಗೆ ಓಡಿಬಿಟ್ಟೆ.

ಸೋಮವಾರ ಮಧ್ಯಾಹ್ನ ಫೋನ್ ಬಂತು.

"ಏನು, ಇದೂ ಶಿವನ ಪಾದಾನಾ?" ಅಂದೆ.

"ಇಲ್ಲ ಕಣೇ. ಉಳ್ಕೊಂತು."

ನಗು, ಅಳು ಎರಡೂ ಒಟ್ಟಿಗೇ ಬಂತು. ಬೈಯೋಕೆ ಕಾರಣವೇ ಉಳಿದಿರಲಿಲ್ಲ.

"ಈಗ ಊಟ ಹೇಗೆ ಸೇರುತ್ತೆ ನಂಗೆ?" ಅಂದ.

"ಸಂಜೆ ನಮ್ಮ ಗೇಟ್ ಹತ್ರ ಬನ್ನಿ. ಎದುರಿಗೇ ನಿಂತು ಬೈತೀನಿ."