ಕ್ಲೈಂಟ್ ಕೊಟ್ಟ ರಾಜೀನಾಮೆ

ಪುನರ್ವಸತಿ ಕೇಂದ್ರದ ಕೌನ್ಸೆಲರ್‌ಗೆ ಅಲ್ಲಿನ ಕೃತಕ ಕೈಕಾಲು ವರ್ಕ್‌ಶಾಪಿನವರು ಇಟ್ಟ ಹೆಸರು ಗಿಣಿ. ಅಪಘಾತದಲ್ಲಿ ಕೈಯೋ ಕಾಲೋ ಕಳೆದುಕೊಂಡವರು ಏನು ಹೇಳಿದರೂ ಅವಳು ಅದನ್ನೇ ಮೆತ್ತಗೆ ತಿರುಗಿಸಿ ಹೇಳುತ್ತಿದ್ದಳು. ಅಷ್ಟಕ್ಕೇ, ಮುಖ ಗಂಟಿಕ್ಕಿಕೊಂಡು ಒಳಹೋದವರು ಮತ್ತೆ ಕೆಲಸಕ್ಕೆ ಸೇರುವ ಮಾತಾಡುತ್ತ ಹೊರಬರುತ್ತಿದ್ದರು. ಆ ವರ್ಕ್‌ಶಾಪಿನಲ್ಲಿ ಕೃತಕ ಕಾಲು ತಯಾರಿಸುವ ಯುವಕನೊಬ್ಬನಿಗೆ ಇದು ಮುಗಿಯದ ಸೋಜಿಗ. ತಾನು ಕೊಡುವುದು ಬರೀ ಕಾಲು, ನಡೆಯುವ ಮನಸ್ಸು ಕೊಡುವವಳು ಅವಳು ಎಂದು ಕಂಡವರೆದುರೆಲ್ಲ ಹೊಗಳುತ್ತಿದ್ದ. ಅವಳೆದುರು ಮಾತ್ರ ಬಾಯಿಗೆ ಬೀಗ.

ನಾಳಿನ ಕೌನ್ಸೆಲರ್‌ಗಳಿಗೆ ಪಾಠ ಹೇಳಬೇಕೆಂಬುದು ಅವಳ ಬಹುದಿನದ ಆಸೆ. ಅದಕ್ಕೆ ದೂರದ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಬೇಕು. ಸ್ನಾತಕೋತ್ತರ ಪದವಿ, ಅನುಭವ, ಶಿಫಾರಸು ಪತ್ರ ಎಲ್ಲವೂ ಇದ್ದವು. ಸಂದರ್ಶನದಲ್ಲಿ ಪ್ರಾಧ್ಯಾಪಕರೆದುರು ಒಬ್ಬ ಕ್ಲೈಂಟ್ ಜೊತೆ ಮಾತಾಡಿ ತೋರಿಸಬೇಕಿತ್ತು. ಹಿಂದಿನ ಸಲ ಎಡವಿದ್ದು ಅಲ್ಲೇ. ಎದುರಿದ್ದವರ ಕಣ್ಣೀರು ಕಂಡು ತನ್ನ ಕಥೆ ಶುರುಮಾಡಿಬಿಟ್ಟಿದ್ದಳಂತೆ. ಕೌನ್ಸೆಲರ್ ತನ್ನ ವಿಷಯ ಎತ್ತಬಾರದು. ಈ ಸಲ ಅಭ್ಯಾಸಕ್ಕೆ ಸುಳ್ಳು ಕ್ಲೈಂಟ್ ಒಬ್ಬ ಬೇಕೆಂದಾಗ ಅವನು ತಾನಾಗಿ ಮುಂದೆ ಬಂದ.

ಒಂದು ದಿನ ಕಾಲು ಕಳೆದುಕೊಂಡ ಡ್ರೈವರ್ ಆದ, ಇನ್ನೊಂದು ದಿನ ಕೈ ಕಳೆದುಕೊಂಡ ಬಡಗಿಯಾದ. ಕೊನೆಗೊಂದು ಸಂಜೆ ಕಥೆಗಳೆಲ್ಲ ಖಾಲಿಯಾಗಿ, ನೆಲ ನೋಡುತ್ತ ಹೇಳಿದ.

"ಒಬ್ಬರ ಮೇಲೆ ಮನಸ್ಸಾಗಿದೆ. ಹೇಳೋಕೆ ಧೈರ್ಯ ಬರ್ತಿಲ್ಲ."

"ಧೈರ್ಯ ಬರ್ತಿಲ್ಲ ಅನ್ಸುತ್ತೆ ನಿಮಗೆ."

"ಅವರು ಓದೋಕೆ ದೂರ ಹೋಗ್ತಾರೆ."

ಅವಳ ಬೆರಳಲ್ಲಿ ಆಡುತ್ತಿದ್ದ ಪೆನ್ನು ನಿಂತಿತು. ಕಿವಿಯ ತುದಿ ಕೆಂಪಾಯಿತು. ಇವತ್ತಿಗೆ ಸಾಕು ಎಂದು ಎದ್ದುಹೋದಳು. ನಿಜ ಹೇಳಿದ್ದನ್ನೂ ನಟನೆ ಅಂದುಕೊಂಡಳಲ್ಲ ಎಂದು ಅವನು ಒಳಗೊಳಗೇ ಬೆಂದ.

ಅವಳಿಗೆ ಸೀಟು ಸಿಕ್ಕಿತು. ತರಗತಿ, ಕಿರಿಯರಿಗೆ ಬೋಧನೆ, ಅವರ ಕೌನ್ಸೆಲಿಂಗ್ ಮೇಲೆ ಉಸ್ತುವಾರಿ, ಪ್ರಬಂಧ ಎಲ್ಲ ಸೇರಿ ನಾಲ್ಕು ವರ್ಷ. ಸುದ್ದಿ ಹೇಳಲು ಅವಳೇ ವರ್ಕ್‌ಶಾಪಿಗೆ ಬಂದಳು. ಅವನಿಗೆ ಹೆಮ್ಮೆಯಿಂದ ಎದೆ ತುಂಬಿತು, ಆದರೂ ಕಾಲಿನ ಅಚ್ಚಿಗೆಂದು ಕಲಸಿದ್ದ ಪ್ಲಾಸ್ಟರನ್ನೇ ಮತ್ತೆ ಮತ್ತೆ ಕಲಸಿದ.

"ನೀವಿನ್ನೂ ನನ್ನ ಕ್ಲೈಂಟಾ?" ಎಂದು ಕೇಳಿದಳು.

"ಯಾಕೆ?"

"ಕ್ಲೈಂಟ್ ಹತ್ರ ನನ್ನ ವಿಷಯ ಹೇಳೋ ಹಾಗಿಲ್ಲ."

"ಹಾಗಾದ್ರೆ ಈಗಲೇ ರಾಜೀನಾಮೆ. ನಾಲ್ಕು ವರ್ಷ ಕಾಯ್ತೀನಿ. ಒಬ್ಬರ ಮೇಲೆ ಮನಸ್ಸಾಗಿದೆ."

"ಒಬ್ಬರ ಮೇಲೆ ಮನಸ್ಸಾಗಿದೆ," ಎಂದಳು ಅವಳು.

ಅವನಿಗೆ ನಗು ತಡೆಯಲಾಗಲಿಲ್ಲ. ಸೀಟು ಸಿಕ್ಕರೂ ಗಿಣಿ ಬುದ್ಧಿ ಬಿಡಲಿಲ್ಲವಲ್ಲ ಎಂದ. ಅವಳು ಪ್ಲಾಸ್ಟರ್ ಮೆತ್ತಿದ ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇದು ನಂದೇ ಮಾತು," ಎಂದಳು.